ನೆರೆಗೆ ಮನೆ ಬಿಟ್ಟವರ ನಾಯಿಗೂ ಒಂದು ನೆಲೆ ಬೇಕು

ಸಂಪಾದಕರಿಗೆ,

ಮಾನ್ಯರೇ,

ಕೃಷ್ಣಾ, ದೂಧಗಂಗಾ, ವೇದಗಂಗಾ, ಘಟಪ್ರಭಾ ನದಿಗಳು ದಂಡೆ ಮೀರಿದಾಗಲೆಲ್ಲ ಮುಳುಗಿದ ಸೇತುವೆಗಳು, ಹಾಳಾದ ಬೆಳೆ, ಕಾಳಜಿ ಕೇಂದ್ರ ಸೇರಿದ ಕುಟುಂಬಗಳ ವಿವರವನ್ನು ತಮ್ಮ ಪತ್ರಿಕೆ ತಪ್ಪದೆ ಪ್ರಕಟಿಸುತ್ತದೆ. ಅಂಥ ವರದಿಗಳಲ್ಲಿ ಅಪರೂಪಕ್ಕೆ ಮಾತ್ರ ಬರುವ ಒಂದು ಪ್ರಶ್ನೆಯನ್ನು ತಮ್ಮ ಮತ್ತು ಓದುಗರ ಮುಂದಿಡಲು ಈ ಪತ್ರ ಬರೆಯುತ್ತಿದ್ದೇನೆ. ನೆರೆಗೆ ಮನೆ ಬಿಟ್ಟು ಹೊರಟ ಕುಟುಂಬ ತನ್ನ ನಾಯಿಯನ್ನು ಎಲ್ಲಿಗೆ ಕರೆದೊಯ್ಯಬೇಕು ಎಂಬುದೇ ಆ ಪ್ರಶ್ನೆ.

ನಾನು ಚಿಕ್ಕೋಡಿ ತಾಲ್ಲೂಕಿನ ಕೃಷ್ಣಾ ದಂಡೆಯ ಊರಿನವಳು. ನೀರು ಹೊಕ್ಕು ಮನೆಯ ಹಿಂಬದಿಯ ಗೋಡೆ ಕುಸಿದ ಕಾರಣ, ದುರಸ್ತಿ ಮುಗಿಯುವ ತನಕ ಅತ್ತೆ, ಯಜಮಾನರು, ಮಗಳು ಮತ್ತು ನಮ್ಮ ನಾಯಿ ಮೋತ್ಯಾನೊಂದಿಗೆ ಪುಣೆಯಲ್ಲಿ ತಾತ್ಕಾಲಿಕವಾಗಿ ನೆಲೆಸಿದ್ದೇನೆ. ಮಗ ಇಲ್ಲಿ ಕೆಲಸದಲ್ಲಿರುವುದರಿಂದ ಈ ಊರು ನಮಗೆ ಹೆಸರಿಗೆ ಗೊತ್ತಿತ್ತು, ಬದುಕಿಗೆ ಗೊತ್ತಿರಲಿಲ್ಲ.

ನಮ್ಮ ಭಾಗದ ನೆರೆಗೆ ಒಂದು ವಿಶೇಷವಿದೆ. ಊರಿನಲ್ಲಿ ಹನಿ ಮಳೆ ಇಲ್ಲದಿದ್ದರೂ ಹೊಳೆ ಏರುತ್ತದೆ. ಮಹಾರಾಷ್ಟ್ರದ ಮಹಾಬಳೇಶ್ವರದಲ್ಲಿ ಸುರಿದ ಮಳೆ, ಕೊಯ್ನಾ ಮತ್ತು ವಾರಣಾ ಜಲಾಶಯಗಳಿಂದ ಬಿಟ್ಟ ನೀರು, ನರಸೋಬವಾಡಿಯಲ್ಲಿ ಬಂದು ಸೇರುವ ಪಂಚಗಂಗೆ, ಇವೆಲ್ಲ ಕೂಡಿ ಗಡಿ ದಾಟಿ ಬರಲು ಸಮಯ ಹಿಡಿಯುತ್ತದೆ. ರಾಜಾಪುರ ಬ್ಯಾರೇಜ್‌ನಿಂದ ಇಂದು ಎಷ್ಟು ಕ್ಯುಸೆಕ್ ನೀರು ಹೊರಬಿದ್ದಿದೆ ಎಂದು ಕೇಳಿದರೆ ನಾಳೆ ಯಾವ ಓಣಿಗೆ ನೀರು ಬರುತ್ತದೆ ಎಂದು ಹೇಳಬಲ್ಲ ಹಿರಿಯರು ನಮ್ಮಲ್ಲಿ ಇದ್ದಾರೆ. ಆದ್ದರಿಂದ ನಮ್ಮ ಕಡೆ ನಾಯಿಯನ್ನು ಬಿಟ್ಟು ಹೋಗುವವರು ಸಮಯ ಸಾಲದೆ ಬಿಟ್ಟು ಹೋಗುವುದಿಲ್ಲ. ಕರೆದೊಯ್ಯಲು ಜಾಗವಿಲ್ಲದೆ ಬಿಟ್ಟು ಹೋಗುತ್ತಾರೆ. ಈ ವ್ಯತ್ಯಾಸವನ್ನು ಆಡಳಿತ ನಡೆಸುವವರು ಗಮನಿಸಬೇಕು ಎಂಬುದು ನನ್ನ ಮುಖ್ಯ ಬಿನ್ನಹ. ಸಮಯದ ಕೊರತೆಯನ್ನು ಯಾರೂ ತುಂಬಿಕೊಡಲಾರರು, ಜಾಗದ ಕೊರತೆಯನ್ನು ತುಂಬಬಹುದು.

ಕಾಳಜಿ ಕೇಂದ್ರಗಳು ಸಾಮಾನ್ಯವಾಗಿ ಶಾಲೆಯಲ್ಲಿಯೋ ಸಮುದಾಯ ಭವನದಲ್ಲಿಯೋ ನಡೆಯುತ್ತವೆ. ಒಂದೇ ಕೋಣೆಯಲ್ಲಿ ಹಲವು ಕುಟುಂಬಗಳು, ಎಳೆಯ ಮಕ್ಕಳು, ಬಾಣಂತಿಯರು ಇರುವಾಗ ಒಳಗೆ ನಾಯಿ ಬೇಡ ಎನ್ನುವ ಸಿಬ್ಬಂದಿಯ ಮಾತು ನ್ಯಾಯವಾದದ್ದೇ. ದನಕರುಗಳನ್ನು ಎತ್ತರದ ಜಾಗಕ್ಕೆ ಸಾಗಿಸಿ ಮೇವು ಒದಗಿಸುವ ಪದ್ಧತಿಯೂ ಇದೆ, ಅದಕ್ಕಾಗಿ ನಾವು ಕೃತಜ್ಞರು. ಆದರೆ ನಾನು ಕಂಡ ಕೇಂದ್ರಗಳಲ್ಲಿ ನಾಯಿ ಈ ಎರಡೂ ಕಡೆ ಸಲ್ಲಲಿಲ್ಲ. ಪರಿಣಾಮವಾಗಿ ಮನೆಯ ಒಬ್ಬ ಗಂಡಸು ನಾಯಿಯೊಂದಿಗೆ ಮಾಳಿಗೆಯ ಮೇಲೆ ಉಳಿಯುತ್ತಾನೆ, ಆಮೇಲೆ ಅವನನ್ನು ಕರೆತರಲು ದೋಣಿ ಮತ್ತೊಮ್ಮೆ ಹೋಗಬೇಕಾಗುತ್ತದೆ. 2018ರ ಕೇರಳ ಪ್ರವಾಹದಲ್ಲಿ ತ್ರಿಶೂರಿನ ಮಹಿಳೆಯೊಬ್ಬರು ತಮ್ಮ 25 ನಾಯಿಗಳನ್ನು ಬಿಟ್ಟು ಬರುವುದಿಲ್ಲ ಎಂದು ರಕ್ಷಣಾ ದೋಣಿಯನ್ನು ಹಿಂದಕ್ಕೆ ಕಳುಹಿಸಿದ್ದು ಸುದ್ದಿಯಾಗಿತ್ತು. 2005ರಲ್ಲಿ ಕತ್ರಿನಾ ಚಂಡಮಾರುತ ಬಂದಾಗ ಅಮೆರಿಕದಲ್ಲಿಯೂ ಇದೇ ಕಾರಣಕ್ಕೆ ಅನೇಕರು ಮನೆ ಬಿಡಲು ಒಪ್ಪಲಿಲ್ಲ. ಮರುವರ್ಷವೇ, ಅಂದರೆ 2006ರಲ್ಲಿ, ಜನರನ್ನು ತೆರವುಗೊಳಿಸುವ ಯೋಜನೆಗಳಲ್ಲಿ ಸಾಕುಪ್ರಾಣಿಗಳನ್ನೂ ಸೇರಿಸಬೇಕೆಂದು ಆ ದೇಶ ಕಾನೂನು ಮಾಡಿತು. ಪ್ರಾಣಿದಯೆಯ ಜೊತೆಗೆ ಮನುಷ್ಯರ ಜೀವ ಉಳಿಸುವ ಲೆಕ್ಕಾಚಾರವೂ ಆ ಕಾನೂನಿನ ಹಿಂದೆ ಇತ್ತು.

ನಮ್ಮ ಕಾನೂನಿನಲ್ಲಿಯೂ ಇದಕ್ಕೆ ಆಧಾರವಿದೆ. ಜೀವಿಗಳ ಬಗ್ಗೆ ಅನುಕಂಪ ತೋರುವುದು ಸಂವಿಧಾನದ 51-ಎ (ಜಿ) ವಿಧಿಯ ಪ್ರಕಾರ ನಾಗರಿಕರ ಮೂಲಭೂತ ಕರ್ತವ್ಯ. ಸಕಾರಣವಿಲ್ಲದೆ ಪ್ರಾಣಿಯನ್ನು ಹಸಿವು, ನೀರಡಿಕೆಯಿಂದ ನರಳುವ ಸ್ಥಿತಿಯಲ್ಲಿ ತೊರೆದು ಹೋಗುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೆಯ ಕಲಮಿನಂತೆ ಅಪರಾಧ. ಆದರೆ ವಿಪತ್ತು ಪರಿಹಾರ ನಿಧಿಯ ಮಾನದಂಡಗಳಲ್ಲಿ ಹಾಲು ಕರೆಯುವ ಹಸು, ಎಮ್ಮೆ, ಉಳುವ ಎತ್ತು, ಕುರಿ, ಮೇಕೆ, ಕೋಳಿಗಳ ತನಕ ಲೆಕ್ಕವಿದ್ದು, ಮನೆ ಕಾಯುವ ನಾಯಿಗೆ ಸ್ಥಾನವಿಲ್ಲ. ನಾನು ಕೇಳುತ್ತಿರುವುದು ನಾಯಿಗೆ ಪರಿಹಾರಧನವನ್ನಲ್ಲ. ನೆರೆ ಇಳಿಯುವ ತನಕ ಕಟ್ಟಿಹಾಕಲು ತಗಡಿನ ಸೂರಿನ ಒಂದು ಮೂಲೆಯನ್ನು ಮಾತ್ರ. ನಮ್ಮ ಪಕ್ಕದ ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿಯ ಚಿತ್ರವಿರುವ ಅಂಚೆಚೀಟಿಯನ್ನು ಭಾರತೀಯ ಅಂಚೆ ಇಲಾಖೆ 2005ರಲ್ಲಿ ಹೊರತಂದಾಗ ನಾವೆಲ್ಲ ಹೆಮ್ಮೆಪಟ್ಟಿದ್ದೆವು. ಆ ಮುಧೋಳವೂ ಘಟಪ್ರಭೆಯ ನೆರೆಗೆ ಸಿಲುಕುವ ತಾಲ್ಲೂಕೇ ಆಗಿದೆ.

ಊರು ಬಿಟ್ಟು ದೂರ ಹೊರಡುವವರಿಗೆ ಪ್ರಯಾಣವೇ ಮೊದಲ ತೊಡಕು. ರೈಲಿನಲ್ಲಿ ನಾಯಿಯನ್ನು ಜೊತೆಯಲ್ಲಿ ಕೂರಿಸಿಕೊಳ್ಳಬೇಕಾದರೆ ಮೊದಲ ದರ್ಜೆಯ ಎಸಿ ಬೋಗಿಯ ಕೂಪೆಯನ್ನೋ ಕ್ಯಾಬಿನ್ನನ್ನೋ ಪೂರ್ತಿಯಾಗಿ ಕಾದಿರಿಸಬೇಕು, ಇಲ್ಲವಾದರೆ ಪಾರ್ಸೆಲ್ ಕಚೇರಿಯಲ್ಲಿ ನೋಂದಾಯಿಸಿ ಗಾರ್ಡ್ ಬೋಗಿಯ ಪೆಟ್ಟಿಗೆಯಲ್ಲಿ ಕಳುಹಿಸಬೇಕು. ನೆರೆಯಿಂದ ಹೊರಟ ರೈತ ಕುಟುಂಬಕ್ಕೆ ಮೊದಲನೆಯದು ಎಟುಕುವುದಿಲ್ಲ, ಬೆದರಿದ ನಾಯಿಗೆ ಎರಡನೆಯದು ಸಹಿಸಲಾಗದ ಶಿಕ್ಷೆ. ಹೀಗಾಗಿ ಪಿಕಪ್ ವಾಹನವೇ ಗತಿ. ಆದರೆ 2019ರ ಆಗಸ್ಟ್‌ನಲ್ಲಿ ಕೊಲ್ಹಾಪುರದ ಬಳಿ ಪುಣೆ–ಬೆಂಗಳೂರು ಹೆದ್ದಾರಿಯೇ ನೀರಿನಲ್ಲಿ ಮುಳುಗಿ ದಿನಗಟ್ಟಲೆ ಬಂದ್ ಆಗಿದ್ದನ್ನು ಓದುಗರು ಮರೆತಿರಲಾರರು. ನಾಯಿ ಇದ್ದವರು ಎಲ್ಲರಿಗಿಂತ ಮೊದಲೇ ಹೊರಡುವುದು ಒಳ್ಳೆಯದು.

ಇನ್ನು ಪುಣೆಯ ಮಾತು. ಬಾಡಿಗೆ ಮನೆ ಹುಡುಕುವಾಗ ನಾಯಿ ಇದೆ ಎಂದ ಕೂಡಲೇ ಮಾತು ಅಲ್ಲಿಗೇ ನಿಲ್ಲುತ್ತದೆ. ವಸತಿ ಸೊಸೈಟಿಗಳು ಬಹುಮತದ ನಿರ್ಣಯ ಮಾಡಿಕೊಂಡರೂ ಸಾಕುನಾಯಿಗಳನ್ನು ನಿಷೇಧಿಸುವಂತಿಲ್ಲ, ಲಿಫ್ಟ್ ಬಳಸದಂತೆ ತಡೆಯುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲಿಯೇ ಮಾರ್ಗಸೂಚಿ ಹೊರಡಿಸಿದೆ. ಈ ಮಾರ್ಗಸೂಚಿಯಿಂದ ಈಗಾಗಲೇ ಮನೆಯೊಳಗೆ ಇರುವವರಿಗೆ ಬಲ ಬರುತ್ತದೆಯೇ ಹೊರತು, ಬಾಗಿಲಲ್ಲಿ ನಿಂತು ಮನೆ ಕೇಳುವವರಿಗೆ ಹೆಚ್ಚಿನ ಉಪಯೋಗವಿಲ್ಲ, ಏಕೆಂದರೆ ಕೊಡುವುದೂ ಬಿಡುವುದೂ ಮಾಲೀಕರ ಇಚ್ಛೆ. ಮೇಲಾಗಿ ಮಹಾರಾಷ್ಟ್ರದ 1999ರ ಬಾಡಿಗೆ ನಿಯಂತ್ರಣ ಕಾಯ್ದೆಯಂತೆ ಲೀವ್ ಅಂಡ್ ಲೈಸೆನ್ಸ್ ಕರಾರನ್ನು, ಅಂದರೆ ಗೊತ್ತಾದ ಅವಧಿಗೆ ಮನೆಯಲ್ಲಿರಲು ಅನುಮತಿ ಕೊಡುವ ಬಾಡಿಗೆ ಒಪ್ಪಂದವನ್ನು, ಬರೆದು ನೋಂದಾಯಿಸಲೇಬೇಕು. ಎರಡೋ ಮೂರೋ ತಿಂಗಳಿಗಾಗಿ ಇಷ್ಟೆಲ್ಲ ಮಾಡಲು ಮಾಲೀಕರು ಹಿಂಜರಿಯುತ್ತಾರೆ, ಹನ್ನೊಂದು ತಿಂಗಳ ಕರಾರಿಗೆ ಸಹಿ ಹಾಕಲು ನಮ್ಮಂಥವರಿಗೆ ಆಗುವುದಿಲ್ಲ. ಮಗನಿರುವ ಪಿಜಿಯಲ್ಲಿ ನಾಯಿಗೆ ಅವಕಾಶವಿರಲಿಲ್ಲ, ವಿಚಾರಿಸಿದ ಲಾಡ್ಜ್‌ಗಳಲ್ಲಿಯೂ ಇರಲಿಲ್ಲ. ಕೊನೆಗೆ ಧಾಯರಿಯ ಕಡೆ ಒಂದು ಹಳೆಯ ಚಾಳಿನಲ್ಲಿ ನೆಲಮಟ್ಟದ ಎರಡು ಕೋಣೆಗಳು ಸಿಕ್ಕವು. ಮನೆಯ ಒಡತಿ 1961ರ ಜುಲೈ 12ರಂದು ಪಾನಶೆತ್ ಅಣೆಕಟ್ಟು ಒಡೆದು ಪುಣೆ ಮುಳುಗಿದ್ದನ್ನು ಬಾಲ್ಯದಲ್ಲಿ ಕಂಡವರು. ಹೊಳೆಯ ನೀರು ಮನೆಗೆ ಬಂದರೆ ಏನಾಗುತ್ತದೆ ಎಂದು ತಮಗೆ ಯಾರೂ ವಿವರಿಸಬೇಕಾಗಿಲ್ಲ ಎಂದು ಹೇಳಿ ಬೀಗದ ಕೈ ಕೊಟ್ಟರು. 2024ರ ಜುಲೈನಲ್ಲಿ ಖಡಕವಾಸಲಾ ಜಲಾಶಯದಿಂದ ಬಿಟ್ಟ ನೀರು ಸಿಂಹಗಡ ರಸ್ತೆಯ ಏಕತಾನಗರಿಯ ಮನೆಗಳಿಗೆ ನುಗ್ಗಿದ್ದನ್ನು ಇಲ್ಲಿನ ಎಷ್ಟೋ ಮಂದಿ ಸ್ವತಃ ಅನುಭವಿಸಿದ್ದಾರೆ. ಹಾಗಾಗಿ ಈ ಊರು ನಮ್ಮ ಕಷ್ಟವನ್ನು ಅರ್ಥಮಾಡಿಕೊಳ್ಳಬಲ್ಲದು ಎಂಬ ಭರವಸೆ ನನಗಿದೆ.

ಮನೆ ಸಿಕ್ಕ ಮೇಲಿನ ವಿಷಯಗಳನ್ನು ಸ್ವಲ್ಪ ವಿವರವಾಗಿ ಬರೆಯಲು ಅನುಮತಿ ಕೋರುತ್ತೇನೆ. ನಮ್ಮ ಹಿಂದೆ ಬರುವವರಿಗೆ ಇವು ಉಪಯೋಗಕ್ಕೆ ಬರಬಹುದು. ಅಂಗಳದಲ್ಲಿ, ಹೊಲದಲ್ಲಿ ಓಡಾಡಿ ಬೆಳೆದ ನಾಯಿ ಫರಸಿನ ಮೇಲೆ, ಸಿಮೆಂಟಿನ ಮೇಲೆ ಮಲಮೂತ್ರ ಮಾಡಲು ಒಪ್ಪುವುದಿಲ್ಲ, ದಿನವಿಡೀ ತಡೆದುಕೊಂಡು ಸಂಕಟಪಡುತ್ತದೆ. ಹತ್ತಿರದಲ್ಲಿ ಮಣ್ಣಿನ ನೆಲ ಎಲ್ಲಿದೆ ಎಂದು ಮನೆ ಗೊತ್ತುಮಾಡುವ ಮೊದಲೇ ನೋಡಿಕೊಳ್ಳಬೇಕು, ಗಲೀಜನ್ನು ಎತ್ತಲು ಕಾಗದ ಮತ್ತು ಚೀಲ ಸದಾ ಕೈಯಲ್ಲಿರಬೇಕು. ಆಹಾರವನ್ನು ಒಮ್ಮೆಲೇ ಬದಲಿಸಬಾರದು. ಊರಿನಲ್ಲಿ ತಿನ್ನುತ್ತಿದ್ದ ಜೋಳದ ರೊಟ್ಟಿಯನ್ನೇ ಮುಂದುವರಿಸಿದ್ದರಿಂದ ಮೋತ್ಯಾನ ಹೊಟ್ಟೆ ಕೆಡಲಿಲ್ಲ. ಅದು ಮಲಗುತ್ತಿದ್ದ ಹಳೆಯ ಕೌದಿಯನ್ನು ಅತ್ತೆಯವರು ಒಗೆಯದೆ ಹಾಗೆಯೇ ತಂದಿದ್ದರು. ಪರಿಚಿತ ವಾಸನೆಯ ಆ ಕೌದಿಯ ಮೇಲಲ್ಲದೆ ಬೇರೆಲ್ಲಿಯೂ ಅದು ಮೊದಮೊದಲು ಕಣ್ಣು ಮುಚ್ಚಲಿಲ್ಲ.

ಬೀದಿಯ ನಾಯಿಗಳಿಗೆ ಅವುಗಳದೇ ಸರಹದ್ದು ಇರುತ್ತದೆ, ಹೊಸ ನಾಯಿಯನ್ನು ಅವು ಮೈಮೇಲೆ ಬಿದ್ದು ಓಡಿಸುತ್ತವೆ. ಓಣಿಯಲ್ಲಿ ಆ ನಾಯಿಗಳಿಗೆ ದಿನವೂ ಅನ್ನ ಹಾಕುವವರು ಒಬ್ಬರಾದರೂ ಇರುತ್ತಾರೆ. ಅವರ ಪರಿಚಯ ಮಾಡಿಕೊಂಡು, ಅವರ ಜೊತೆಯಲ್ಲಿ ಒಂದೇ ಹೊತ್ತಿಗೆ ಒಂದೇ ದಾರಿಯಲ್ಲಿ ನಡೆದಾಡಿಸಿದರೆ ಬೀದಿಯ ನಾಯಿಗಳು ಕ್ರಮೇಣ ಸುಮ್ಮನಾಗುತ್ತವೆ. ಹಗ್ಗ ಬಿಚ್ಚಿ ಬಿಡುವ ಯೋಚನೆಯನ್ನು ಮಾತ್ರ ಯಾರೂ ಮಾಡಬಾರದು, ಏಕೆಂದರೆ ತಪ್ಪಿಸಿಕೊಂಡ ನಾಯಿಗೆ ಈ ಊರಿನಲ್ಲಿ ಮನೆಯ ದಾರಿ ತಿಳಿಯುವುದಿಲ್ಲ. ಕೊರಳಪಟ್ಟಿಯ ಮೇಲೆ ನಮ್ಮ ಹೆಸರು ಮತ್ತು ಫೋನ್ ಸಂಖ್ಯೆ ಕನ್ನಡದಲ್ಲಿತ್ತು. ಇಲ್ಲಿನವರು ಓದಲೆಂದು ಮಗಳು ಅದನ್ನು ದೇವನಾಗರಿಯಲ್ಲಿಯೂ ಬರೆದಳು. ಶ್ರಾವಣದ ಸುಮಾರಿಗೆ ಪುಣೆಯ ಬಯಲುಗಳಲ್ಲಿ, ನದಿಯ ಪಾತ್ರದಲ್ಲಿ ಗಣೇಶೋತ್ಸವಕ್ಕಾಗಿ ಢೋಲ್–ತಾಶಾ ವಾದ್ಯ ತಂಡಗಳ ಸಂಜೆಯ ತಾಲೀಮು ಜೋರಾಗಿರುತ್ತದೆ. ನಮ್ಮ ನೆರೆಯ ಕಾಲವೂ ಅದೇ. ಆ ಹೊತ್ತಿಗೆ ನಾಯಿಯನ್ನು ಒಳಕೋಣೆಯಲ್ಲಿ ಇರಿಸಿ, ಮನೆಯವರೊಬ್ಬರು ಬಳಿಯಲ್ಲಿ ಕುಳಿತರೆ ಅದರ ನಡುಕ ಕಡಿಮೆಯಾಗುತ್ತದೆ. ಅತ್ತೆಯವರಿಗೂ ಹೊಸ ಊರಿನಲ್ಲಿ ಮಾತಿಗೆ ಜನವಿಲ್ಲದೆ ಬೇಸರವಾಗಿತ್ತು. ಸಂಜೆ ಮೋತ್ಯಾನ ಪಕ್ಕ ಕುಳಿತುಕೊಳ್ಳುವ ಕೆಲಸವನ್ನು ಅವರು ತಾವಾಗಿಯೇ ವಹಿಸಿಕೊಂಡರು, ಅದರಿಂದ ಅವರ ಮನಸ್ಸೂ ಹಗುರವಾದದ್ದನ್ನು ನಾನು ಕಂಡಿದ್ದೇನೆ.

ಆರೋಗ್ಯದ ವಿಷಯದಲ್ಲಿ ಸಾರ್ವಜನಿಕರ ಆತಂಕ ಸಹಜವಾದದ್ದು, ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ನೆರೆಯ ನೀರಿನಲ್ಲಿ ಓಡಾಡಿದ ನಾಯಿಗೆ ಇಲಿಜ್ವರ ತಗಲಬಹುದು, ಅದರ ಮೂತ್ರದಿಂದ ಮನುಷ್ಯರಿಗೂ ಹರಡಬಹುದು. ಮಳೆಗಾಲದಲ್ಲಿ ಉಣ್ಣಿಗಳ ಕಾಟವೂ ಇರುತ್ತದೆ. ಹೀಗಾಗಿ ಹೊಸ ಊರು ಸೇರಿದ ಕೂಡಲೇ ಪಶುವೈದ್ಯರಲ್ಲಿಗೆ ಹೋಗಿ ರೇಬಿಸ್ ಲಸಿಕೆಯನ್ನೂ ಇಲಿಜ್ವರ ಒಳಗೊಂಡ ಸಂಯುಕ್ತ ಲಸಿಕೆಯನ್ನೂ ಹಾಕಿಸುವುದು ಅಗತ್ಯ. ನಮ್ಮ ನಾಯಿಯ ಲಸಿಕೆಯ ಚೀಟಿ ನೀರಿನಲ್ಲಿ ಹೋಗಿತ್ತು. ಹೊಸದಾಗಿ ಲಸಿಕೆ ಹಾಕಿಸಿ ಪ್ರಮಾಣಪತ್ರ ಪಡೆದೆವು. ಪುಣೆ ಮಹಾನಗರ ಪಾಲಿಕೆಯ ಸಾಕುನಾಯಿ ಪರವಾನಗಿಗೂ ರೇಬಿಸ್ ಲಸಿಕೆಯ ಪ್ರಮಾಣಪತ್ರ ಬೇಕು. ಚೀಟಿಯ ಫೋಟೊ ಒಂದನ್ನು ಫೋನಿನಲ್ಲಿ ಇಟ್ಟುಕೊಳ್ಳುವುದು ಎಲ್ಲರಿಗೂ ಕ್ಷೇಮ. ಲಸಿಕೆ ಪಡೆದು, ಗೊತ್ತಾದ ಮನೆಯಲ್ಲಿ, ಗೊತ್ತಾದವರ ಕೈಯಲ್ಲಿರುವ ನಾಯಿಯಿಂದ ನೆರೆಹೊರೆಗೆ ಆಗುವ ಅಪಾಯ, ನೆರೆಯಲ್ಲಿ ಬಿಟ್ಟುಹೋದ ಹಸಿದ ನಾಯಿಗಳಿಂದ ಆಗುವ ಅಪಾಯಕ್ಕಿಂತ ಬಹಳ ಕಡಿಮೆ ಎಂಬುದನ್ನು ಸೊಸೈಟಿಗಳ ಪದಾಧಿಕಾರಿಗಳು ಯೋಚಿಸಬೇಕೆಂದು ಕೋರುತ್ತೇನೆ.

ಪುಣೆಯಲ್ಲಿ ಕನ್ನಡಿಗರಿಗೆ ಕೊರತೆಯಿಲ್ಲ. ಉಡುಪಿ, ಮಂಗಳೂರಿನಿಂದ ಬಂದು ಹೋಟೆಲು ನಡೆಸುವವರು, ಹುಬ್ಬಳ್ಳಿ, ಬೆಳಗಾವಿಯಿಂದ ಬಂದು ಕಂಪನಿಗಳಲ್ಲಿ ದುಡಿಯುವವರು, ಅಕ್ಕಲಕೋಟೆ, ಜತ್ತ, ಸೊಲ್ಲಾಪುರದ ಕಡೆಯ ಕನ್ನಡ ಮನೆಮಾತಿನವರು ಎಲ್ಲ ಬಡಾವಣೆಗಳಲ್ಲಿಯೂ ಇದ್ದಾರೆ. ಇಲ್ಲಿನ ಕನ್ನಡ ಸಂಘಟನೆಗಳು ನೆರೆಯ ಸಮಯದಲ್ಲಿ ಬಟ್ಟೆ, ಧಾನ್ಯ ಸಂಗ್ರಹಿಸಿ ಊರಿಗೆ ಕಳುಹಿಸುತ್ತವೆ. ಅದರ ಜೊತೆಗೆ, ನಾಯಿ ಇರುವ ಕುಟುಂಬವನ್ನು ಕೆಲವು ವಾರಗಳ ಮಟ್ಟಿಗೆ ಇರಿಸಿಕೊಳ್ಳಬಲ್ಲ ಮನೆಗಳ, ಅಥವಾ ನಾಯಿಯನ್ನು ಮಾತ್ರ ನೋಡಿಕೊಳ್ಳಬಲ್ಲ ಮನೆಗಳ ಒಂದು ಪಟ್ಟಿಯನ್ನು ಮುಂಗಾರಿಗೆ ಮೊದಲೇ ಸಿದ್ಧಪಡಿಸಿದರೆ ಅದೊಂದು ದೊಡ್ಡ ಉಪಕಾರ. ನಮಗೆ ಮನೆ ಸಿಗುವ ಮುಂಚೆ ಅಂಥ ಒಂದು ಪಟ್ಟಿ ಕೈಯಲ್ಲಿದ್ದಿದ್ದರೆ ಯಜಮಾನರು ಆ ಮಳೆಯಲ್ಲಿ ನಾಯಿಯೊಂದಿಗೆ ಪಿಕಪ್ ವಾಹನದಲ್ಲಿಯೇ ರಾತ್ರಿ ಕಳೆಯಬೇಕಾಗುತ್ತಿರಲಿಲ್ಲ.

ಬೆಳಗಾವಿ ಮತ್ತು ಬಾಗಲಕೋಟೆ ಜಿಲ್ಲಾಡಳಿತಗಳು ಪ್ರತಿ ವರ್ಷ ಮುಂಗಾರು ಪೂರ್ವ ಸಿದ್ಧತಾ ಸಭೆ ನಡೆಸುತ್ತವೆ. ಯಾವ ಶಾಲೆಯಲ್ಲಿ ಕಾಳಜಿ ಕೇಂದ್ರ, ಎಷ್ಟು ದೋಣಿ, ಎಷ್ಟು ಮೇವು ಎಂದು ಅಲ್ಲಿ ನಿರ್ಧಾರವಾಗುತ್ತದೆ. ಮುಂದಿನ ಸಭೆಯಲ್ಲಿ ಪ್ರತಿ ಕಾಳಜಿ ಕೇಂದ್ರದ ಆವರಣದಲ್ಲಿ ಅಡುಗೆಯ ಜಾಗದಿಂದ ದೂರವಾಗಿ ನಾಯಿಗಳನ್ನು ಕಟ್ಟಲು ಒಂದು ತಗಡಿನ ಶೆಡ್, ಕುಡಿಯುವ ನೀರು ಮತ್ತು ಪಶುಸಂಗೋಪನಾ ಇಲಾಖೆಯ ವೈದ್ಯರಿಂದ ರೇಬಿಸ್ ಲಸಿಕೆ, ಇಷ್ಟನ್ನು ಪಟ್ಟಿಗೆ ಸೇರಿಸಬೇಕೆಂದು ತಮ್ಮ ಪತ್ರಿಕೆಯ ಮೂಲಕ ಇಬ್ಬರೂ ಜಿಲ್ಲಾಧಿಕಾರಿಗಳಲ್ಲಿ ವಿನಂತಿಸುತ್ತೇನೆ. ನಾಯಿಗೆ ಅನ್ನ ನಾವೇ ಹಾಕಿಕೊಳ್ಳುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ಕೃಷ್ಣಾ ತೀರದ ಓದುಗಾರ್ತಿ
(ಸದ್ಯ: ಧಾಯರಿ, ಪುಣೆ)