ತಿಂಗಳು ನುಂಗುವುದೇಕೆ?

ಸಂಪಾದಕರಿಗೆ,

ಮಾನ್ಯರೇ,

ಕೆಲಸದಲ್ಲಿ ಗ್ಯಾಪ್ ಇದ್ದವರಿಗೆ, ರೆಸ್ಯೂಮೆಯಲ್ಲಿ ತಿಂಗಳು ಬಿಟ್ಟು ಬರೀ ಇಸವಿ ಹಾಕಿ ಎಂದು ಸಲಹೆ ಕೊಡುವವರು ಈಗಲೂ ಇದ್ದಾರೆ. ನಾನೂ ಹಾಗೇ ಮಾಡಿ ಪೆಟ್ಟು ತಿಂದವನು. ಹಾಸಿಗೆ ಹಿಡಿದ ತಂದೆಯನ್ನು ನೋಡಿಕೊಳ್ಳಲು ಎರಡು ವರ್ಷ ನಾಲ್ಕು ತಿಂಗಳು ಲೆಕ್ಕಪತ್ರ ವಿಭಾಗದ ಕೆಲಸ ಬಿಟ್ಟಿದ್ದೆ. ಸಂದರ್ಶನದಲ್ಲಿ ಒಬ್ಬರು ಆ ಇಸವಿಯ ಮೇಲೆ ಪೆನ್ನಿನ ತುದಿ ಇಟ್ಟು, ‘ಬಿಟ್ಟಿದ್ದು ಜನವರಿಯಲ್ಲೋ ಡಿಸೆಂಬರಿನಲ್ಲೋ?’ ಎಂದರು. ನಾನು ತಡವರಿಸಿದೆ. ಆಮೇಲೆ ಮಾತೆಲ್ಲ ಅದರ ಸುತ್ತಲೇ. ಲೆಕ್ಕದ ಬಗ್ಗೆ ಒಂದು ಪ್ರಶ್ನೆಯೂ ಬರಲಿಲ್ಲ. ತಂದೆಯ ಕಾಯಿಲೆಯನ್ನು ಯಾರೂ ತಪ್ಪೆನ್ನುತ್ತಿರಲಿಲ್ಲ, ನಾನು ತಿಂಗಳು ನುಂಗಿದ್ದು ಮಾತ್ರ ಅವರಿಗೆ ಹಿಡಿಸಲಿಲ್ಲ.

ಮುಂದಿನ ಅರ್ಜಿಯಲ್ಲಿ ತಿಂಗಳ ಸಮೇತ ಒಂದೇ ಸಾಲು ಬರೆದೆ: ‘ತಂದೆಯ ಆರೈಕೆಗಾಗಿ ಬಿಡುವು.’ ಕೇಳಿದಾಗ, ‘ನೋಡಿಕೊಳ್ಳಲು ಬೇರೆ ಯಾರೂ ಇರಲಿಲ್ಲ ಸರ್, ಈಗ ಆ ಹೊಣೆ ಇಲ್ಲ’ ಎಂದಷ್ಟೇ ಹೇಳಿ, ಮೂರು ತಿಂಗಳಿಂದ ಹೊಸ ಸಾಫ್ಟ್‌ವೇರ್ ಕಲಿಯುತ್ತಿದ್ದುದಕ್ಕೆ ಮಾತು ಹೊರಳಿಸಿದೆ. ಅವರಿಗೆ ಬೇಕಿದ್ದುದೂ ಅದೇ: ಇವನಿಗೆ ಕೆಲಸ ಮರೆತುಹೋಗಿಲ್ಲ ತಾನೇ, ಮತ್ತೆ ಅರ್ಧಕ್ಕೆ ಬಿಟ್ಟು ಹೋಗುವುದಿಲ್ಲ ತಾನೇ? ಕ್ಷಮೆ ಕೇಳುವ ದನಿಯಲ್ಲಿ ಕಣ್ಣೀರಿನ ಕಥೆ ಹೇಳಬೇಕಿಲ್ಲ. ಬಿಡುವು ತೆಗೆದುಕೊಂಡಿದ್ದು ಸ್ವಂತ ಕಾಯಿಲೆಗಾಗಿದ್ದರೆ, ‘ಆರೋಗ್ಯದ ಕಾರಣ, ಈಗ ಗುಣವಾಗಿದೆ’ ಎಂದರೆ ಸಾಕು. ಕಾಯಿಲೆಯ ಹೆಸರು ಅವರಿಗೇಕೆ?

ನಿಜ ಹೇಳಿದ ಮಾತ್ರಕ್ಕೆ ಕೆಲಸ ಸಿಕ್ಕೇಬಿಡುತ್ತದೆ ಎಂದಲ್ಲ. ಹಾಗೆ ಹೇಳಿಯೂ ಮೂರು ಕಡೆ ನನಗೆ ಕೆಲಸ ಸಿಗಲಿಲ್ಲ, ನಾಲ್ಕನೆಯ ಕಡೆ ಸಿಕ್ಕಿತು. ಎಷ್ಟೋ ಜನಕ್ಕೆ ಹೇಳುವ ಅವಕಾಶವೇ ಸಿಗುವುದಿಲ್ಲ. ಹಾರ್ವರ್ಡ್ ಬಿಸಿನೆಸ್ ಸ್ಕೂಲ್ ಮತ್ತು ಸಲಹಾ ಸಂಸ್ಥೆ ಆಕ್ಸೆಂಚರ್ 2021ರಲ್ಲಿ ಅಮೆರಿಕ, ಬ್ರಿಟನ್, ಜರ್ಮನಿಯ ಸಂಸ್ಥೆಗಳ ಬಗ್ಗೆ ಪ್ರಕಟಿಸಿದ ವರದಿಯ ಪ್ರಕಾರ, ಆರು ತಿಂಗಳಿಗಿಂತ ಹೆಚ್ಚಿನ ಗ್ಯಾಪ್ ಇರುವ ಅರ್ಜಿಗಳನ್ನು ಸುಮಾರು ಅರ್ಧದಷ್ಟು ಸಂಸ್ಥೆಗಳು ಮೊದಲ ಸುತ್ತಿನಲ್ಲೇ ಕಂಪ್ಯೂಟರ್ ಮೂಲಕ ಜರಡಿ ಹಿಡಿದು ಕೈಬಿಡುತ್ತವೆ. ಮರುವರ್ಷವೇ ಉದ್ಯೋಗ ಜಾಲತಾಣ ಲಿಂಕ್ಡ್‌ಇನ್ ತನ್ನ ಪ್ರೊಫೈಲ್‌ನಲ್ಲಿ ಇಂಥ ಬಿಡುವನ್ನು ಕಾರಣ ಸಮೇತ ನಮೂದಿಸಲು ಪ್ರತ್ಯೇಕ ಜಾಗ ಮಾಡಿಕೊಟ್ಟಿತು. ಒಂದು ಕಡೆ ‘ಮುಚ್ಚಿಡಬೇಡಿ, ಬರೆಯಿರಿ’ ಎನ್ನುವುದು, ಇನ್ನೊಂದು ಕಡೆ ಬರೆದವರನ್ನೇ ಯಂತ್ರದ ಕೈಲಿ ಆಚೆ ಹಾಕಿಸುವುದು. ಹೀಗಿದ್ದರೆ ಜನ ತಿಂಗಳು ನುಂಗದೆ ಇನ್ನೇನು ಮಾಡುತ್ತಾರೆ?

ನೇಮಕಾತಿ ನೋಡಿಕೊಳ್ಳುವವರಲ್ಲಿ ನನ್ನದೊಂದೇ ಕೋರಿಕೆ. ಆ ಆರು ತಿಂಗಳ ಜರಡಿಯನ್ನು ತೆಗೆದುಹಾಕಿ. ಗ್ಯಾಪ್ ಬಗ್ಗೆ ಅನುಮಾನವಿದ್ದರೆ ಫೋನ್ ಮಾಡಿ ಕೇಳಿ. ಎರಡು ನಿಮಿಷದ ಮಾತು ಅದು.

ಇಂತಿ,
ಮತ್ತೆ ಕೆಲಸಕ್ಕೆ ಸೇರಿದ ಓದುಗ