ತೆರವಿನ ದಿನಾಂಕ ಮಾತ್ರ ಸಾಲದು: ಕೋಲಾರದ ಲೋಕಸಭಾ ಸದಸ್ಯರಿಗೆ ಬಹಿರಂಗ ಪತ್ರ

ಮಾನ್ಯ ಲೋಕಸಭಾ ಸದಸ್ಯರಿಗೆ ನಮಸ್ಕಾರಗಳು.

ಕೆ.ಜಿ.ಎಫ್. ಗಣಿ ಜಮೀನನ್ನು ಮುಂದೇನು ಮಾಡಬೇಕೆಂಬ ಚರ್ಚೆ ಆಗಾಗ ಎದ್ದು ತಣ್ಣಗಾಗುತ್ತಿರುವುದರಿಂದ, ಮಾಜಿ ವಸಾಹತೊಂದರಿಂದ ಸೇನೆಯನ್ನು ಹಂತಹಂತವಾಗಿ ತೆರವು ಮಾಡಿದ ಪ್ರಸಂಗವೊಂದನ್ನು ತಮ್ಮ ಗಮನಕ್ಕೆ ತರಬಯಸುತ್ತೇನೆ. ಗಣಿಗೂ ದಂಡಿಗೂ ಎತ್ತಣ ಸಂಬಂಧ ಎಂದು ತಾವು ಕೇಳಬಹುದು. ಒಬ್ಬನೇ ಯಜಮಾನನ ಸಂಬಳವನ್ನು ನೆಚ್ಚಿಕೊಂಡ ಊರಿಗೆ, ಅವನು ಹೊರಟುನಿಂತಾಗ ಎದುರಾಗುವ ಪ್ರಶ್ನೆಗಳು ಎರಡೂ ಕಡೆ ಒಂದೇ.

1968ರ ಜನವರಿಯಲ್ಲಿ ಬ್ರಿಟನ್ನಿನ ಪ್ರಧಾನಿ ಹೆರಾಲ್ಡ್ ವಿಲ್ಸನ್, ಸಿಂಗಪುರ, ಮಲೇಷ್ಯ ಮತ್ತು ಪರ್ಷಿಯನ್ ಕೊಲ್ಲಿಯಲ್ಲಿದ್ದ ಸೇನೆಯನ್ನು 1971ರ ಅಂತ್ಯದೊಳಗೆ ಹಿಂತೆಗೆದುಕೊಳ್ಳುವುದಾಗಿ ಘೋಷಿಸಿದರು. 1965ರಲ್ಲಷ್ಟೇ ಸ್ವತಂತ್ರವಾಗಿದ್ದ ಸಿಂಗಪುರದ ರಾಷ್ಟ್ರೀಯ ಉತ್ಪನ್ನದಲ್ಲಿ ಸುಮಾರು ಐದನೇ ಒಂದು ಪಾಲು ಈ ಸೇನಾನೆಲೆಗಳಿಂದಲೇ ಬರುತ್ತಿತ್ತು. 1971ರ ಮಾರ್ಚ್ ಎಂದು ಲಂಡನ್ನಿನಲ್ಲಿ ಗೊತ್ತುಮಾಡಿದ್ದ ಗಡುವನ್ನು ಪ್ರಧಾನಿ ಲೀ ಕ್ವಾನ್ ಯೂ ಖುದ್ದಾಗಿ ಅಲ್ಲಿಗೆ ಹೋಗಿ ವಾದಿಸಿ ಡಿಸೆಂಬರಿಗೆ ಮುಂದೂಡಿಸಿಕೊಂಡರು. ಆದರೆ ನನಗೆ ಅದಕ್ಕಿಂತಲೂ ಮುಖ್ಯವೆನಿಸುವುದು, ಸಿಕ್ಕ ಅವಧಿಯಲ್ಲಿ ನಡೆದ ಕೆಲಸ. ನೆಲೆಗಳನ್ನು ನಾಗರಿಕ ಬಳಕೆಗೆ ತಿರುಗಿಸಲೆಂದೇ ಅವರು ಒಂದು ಇಲಾಖೆಯನ್ನು ತೆರೆದರು. ಸೆಂಬವಾಂಗಿನ ನೌಕಾ ಹಡಗುಕಟ್ಟೆಗಾಗಿ, ಕೊನೆಯ ಸೈನಿಕ ಹೋಗುವವರೆಗೂ ಕಾಯದೆ, 1968ರಲ್ಲೇ ಕಂಪನಿ ಸ್ಥಾಪಿಸಿ, ಯುದ್ಧನೌಕೆಗಳ ರಿಪೇರಿಯ ಜಾಗದಲ್ಲಿ ವಾಣಿಜ್ಯ ಹಡಗುಗಳ ರಿಪೇರಿಗೆ ಅಣಿಯಾದರು. ಬ್ರಿಟನ್ ಐದು ಕೋಟಿ ಪೌಂಡ್ ನೆರವು ಕೊಟ್ಟಿತು. ನೆರವು ಎಂದರೂ ಅದರಲ್ಲಿ ಮುಕ್ಕಾಲು ಪಾಲು ಸಾಲವೇ. ಚಾಂಗಿಯ ವಾಯುನೆಲೆ ಇದ್ದಲ್ಲಿ 1981ರಲ್ಲಿ ವಿಮಾನ ನಿಲ್ದಾಣ ತೆರೆಯಿತು.

ಆಗ ಬ್ರಿಟಿಷರ ವಶದಲ್ಲಿದ್ದ, ಈಗ ಯೆಮನ್ನಿಗೆ ಸೇರಿದ ಬಂದರು ಏಡನ್ನಿನಲ್ಲಿ ಇದು ಆಗಲಿಲ್ಲ. 1968ರೊಳಗೆ ಹೋಗುತ್ತೇವೆಂದು 1966ರಲ್ಲೇ ಪ್ರಕಟಿಸಿದ ಬ್ರಿಟಿಷರು, ಅಧಿಕಾರವನ್ನು ವಹಿಸಿಕೊಳ್ಳುವವರು ಯಾರೆಂಬುದು ಇತ್ಯರ್ಥವಾಗುವ ಮೊದಲೇ ಬೀದಿಕಾಳಗದಲ್ಲಿ ಸಿಲುಕಿ, 1967ರ ನವೆಂಬರಿನಲ್ಲಿ ಹೊರಟುಹೋದರು.

ನಮ್ಮಲ್ಲಿ ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ರಂದು. ಇಂದಿಗೂ ಮಾರಿಕುಪ್ಪಂನಿಂದ ಬೆಳಗಿನ ರೈಲು ಹತ್ತಿದರೆ, ಟಿಫನ್ ಡಬ್ಬಿ ಹಿಡಿದು ಬೆಂಗಳೂರಿನ ಕೆಲಸಕ್ಕೆ ಹೊರಟ ಗಣಿ ಕಾರ್ಮಿಕರ ಮಕ್ಕಳು ಸಿಗುತ್ತಾರೆ. ಗಾಳಿ ಎದ್ದ ದಿನ, ಚಿನ್ನ ತೆಗೆದ ಮೇಲೆ ಉಳಿದ ಅದಿರಿನ ಪುಡಿ ರಾಶಿಬಿದ್ದ ಸೈನೈಡ್ ದಿಬ್ಬದ ಬಿಳಿ ಧೂಳು ಗಣಿ ಕಾರ್ಮಿಕರ ಸಾಲುಮನೆಗಳಾದ ಲೈನ್ ಮನೆಗಳ ಪಾತ್ರೆಗಳ ಮೇಲೆ ಕೂರುತ್ತದೆ. ಮುಚ್ಚುವ ನಿರ್ಧಾರ ಸರಿಯೇ ತಪ್ಪೇ ಎಂಬ ವಾದವನ್ನು ನಾನಿಲ್ಲಿ ಎತ್ತುವುದಿಲ್ಲ. ಸಿಂಗಪುರದ ಪರವಾಗಿ ವಾದಿಸಲು ಅದರದೇ ಸರ್ಕಾರವಿತ್ತು, ನಮಗೆ ಸಂಸತ್ತಿನಲ್ಲಿ ತಾವಿದ್ದೀರಿ.

ಆದ್ದರಿಂದ ತಾವು ಕೇಂದ್ರ ಗಣಿ ಸಚಿವಾಲಯದಿಂದ ಯಾವ ಜಮೀನು ಯಾವ ವರ್ಷ ಯಾರ ವಶಕ್ಕೆ ಹೋಗುತ್ತದೆ, ಲೈನ್ ಮನೆಗಳ ಹಕ್ಕುಪತ್ರ ಯಾವಾಗ ಕೈಸೇರುತ್ತದೆ, ದಿಬ್ಬಗಳ ಹೊಣೆ ಯಾರದು ಎಂಬುದನ್ನು ಹಂತವಾರು ದಿನಾಂಕಗಳೊಂದಿಗೆ ಲಿಖಿತವಾಗಿ ಕೇಳಿ ಪಡೆಯಬೇಕು. ಬಂದ ಉತ್ತರವನ್ನು ರಾಬರ್ಟ್‌ಸನ್‌ಪೇಟೆಯಲ್ಲಿ ಸಾರ್ವಜನಿಕ ಸಭೆ ಕರೆದು ಓದಿಸಬೇಕೆಂದು ವಿನಂತಿಸುತ್ತೇನೆ.

ತಮ್ಮ ವಿಶ್ವಾಸಿ,
ಕೆ.ಜಿ.ಎಫ್.ನ ಒಬ್ಬ ಮತದಾರ