ಸೋಮವಾರ ಸೈಕಲ್ ಮುಟ್ಟಲ್ಲ ಕಣೋ

ಪ್ರೀತಿಯ ಗೆಳೆಯಾ,

ಫೋನ್ ಮಾಡಬಹುದಿತ್ತು. ಮಾಡಿದರೆ ಮಾತು ಮತ್ತೆ ಮಳೆ, ದ್ರಾಕ್ಷಿ ರೇಟು ಅಂತಲೇ ಹೋಗುತ್ತೆ. ಅದಕ್ಕೆ ಬರೆಯುತ್ತಿದ್ದೇನೆ. ನಮ್ಮ ಚಿಕ್ಕಬಳ್ಳಾಪುರದ ಬೆಳಗಿನ ಸೈಕಲ್ ಹುಡುಗರೂ ಓದಲಿ ಅಂತ ಇಲ್ಲೇ ಹಾಕಿದ್ದೇನೆ.

ಕಳೆದ ಭಾನುವಾರ ನಂದಿ ಬೆಟ್ಟ ಇಳಿಯುತ್ತಿದ್ದೆ. ಒಂದು ತಿರುವಿನಲ್ಲಿ ಬ್ರೇಕ್ ಹಿಡಿಯುವುದು ತಡವಾಯಿತು. ಬ್ರೇಕ್ ಸರಿಯಾಗೇ ಇತ್ತು. ಹಿಡಿ ಅಂತ ಮನಸ್ಸು ಹೇಳಿ, ಕೈ ಕೇಳುವಷ್ಟರಲ್ಲಿ ತಿರುವು ಬಂದೇಬಿಟ್ಟಿತ್ತು. ಮುಂದಿನ ಚಕ್ರ ಅಂಚಿನ ಜಲ್ಲಿಗೆ ಇಳಿದು, ಕಲ್ಲುಕಟ್ಟೆಗೆ ಒಂದು ಗೇಣು ದೂರದಲ್ಲಿ ನಿಂತಿತು. ಬೀಳಲಿಲ್ಲ. ಕಾಲು ಮಾತ್ರ ತುಂಬಾ ಹೊತ್ತು ನಡುಗಿತು. ಮನೆಯಲ್ಲಿ ಇನ್ನೂ ಹೇಳಿಲ್ಲ.

ಅವತ್ತು ಬಿಡದೆ ತುಳಿದ ಒಂಬತ್ತನೇ ದಿನ. ಬೆಳಿಗ್ಗೆ ಏಳುವ ಮುಂಚೆ ಹಾಸಿಗೆಯಲ್ಲೇ ನಾಡಿ ಎಣಿಸುವುದನ್ನು ನೀನೇ ಕಲಿಸಿದ್ದು. ನನ್ನದು ಸಾಮಾನ್ಯವಾಗಿ 56. ಆ ವಾರವೆಲ್ಲ 65ರ ಮೇಲೇ ಇತ್ತು. ರಾತ್ರಿ ಮೂರಕ್ಕೇ ಎಚ್ಚರ. ದಣಿವು ಇನ್ನೂ ಇಳಿದಿಲ್ಲ ಅಂತ ದೇಹ ಹೇಳುತ್ತಿತ್ತು. ಗೊತ್ತಿದ್ದೂ ಹೊರಟೆ.

ಬೆಟ್ಟ ಹತ್ತುವಾಗ ಸ್ನಾಯುವಿಗೆ ಸಣ್ಣ ಸಣ್ಣ ಪೆಟ್ಟು ಬೀಳುತ್ತೆ. ಅದು ರಿಪೇರಿಯಾಗಿ ಗಟ್ಟಿಯಾಗುವುದು ಆಮೇಲೆ, ಚೆನ್ನಾಗಿ ಉಂಡು ಮಲಗಿದಾಗ. ಇಪ್ಪತ್ತೈದರಲ್ಲಿ ನನಗೆ ಒಂದು ರಾತ್ರಿ ಸಾಕಾಗುತ್ತಿತ್ತು. ಈಗ ನಲವತ್ತೊಂಬತ್ತಕ್ಕೆ ಎರಡು ದಿನ ಬೇಕು, ಕೆಲವು ಸಲ ಮೂರು. ಕೊಯ್ಲಾದ ಮೇಲೆ ಬಳ್ಳಿಗೆ ವಿಶ್ರಾಂತಿ ಕೊಡದೆ ಕಟಿಂಗ್‌ಗೆ ಕೈ ಹಾಕದವನು ನೀನು. ನಿನಗೆ ಬಿಡಿಸಿ ಹೇಳಬೇಕಿಲ್ಲ.

ಹಾಗಾದ್ರೆ ಯಾಕೆ ನಿಲ್ಲಿಸಲಿಲ್ಲ?

ಇದನ್ನು ಬರೆಯೋಣ ಅಂತ ಕೂತಿರಲಿಲ್ಲ. ಹೋದ ವರ್ಷ ನೀನು ಎದೆನೋವು ಅಂತ ಆಸ್ಪತ್ರೆ ಸೇರಿದಾಗ ನಾನು ಒಂದೇ ಸಲ ಬಂದೆ. ಆಫೀಸಲ್ಲಿ ಆಡಿಟ್ ಅಂದೆ. ಆಡಿಟ್ ಇರಲಿಲ್ಲ. ಆ ಬೆಳಿಗ್ಗೆಗಳಲ್ಲೆಲ್ಲ ಬೆಟ್ಟ ಹತ್ತುತ್ತಿದ್ದೆ. ಮುದ್ದೇನಹಳ್ಳಿ ದಾಟುವಾಗೆಲ್ಲ ನೀನು ಹೇಳುತ್ತಿದ್ದೆಯಲ್ಲ, ಈ ಊರಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರು ನೂರು ದಾಟಿ ಬದುಕಿದರು, ನಮಗಿನ್ನೂ ಅರ್ಧ ಬಾಕಿ ಇದೆ ಅಂತ. ಹಾಗೆ ಹೇಳುತ್ತಿದ್ದವನು, ನನಗಿಂತ ಆರು ತಿಂಗಳಿಗೆ ಚಿಕ್ಕವನು, ಮೂಗಿಗೆ ಪೈಪ್ ಹಾಕಿಕೊಂಡು ಮಲಗಿದ್ದ. ಆಗಿನಿಂದ ಒಂದು ದಿನ ಸುಮ್ನೆ ಕೂತರೂ ಆ ಮಂಚ ಕಣ್ಮುಂದೆ ಬರುತ್ತೆ. ಅದರ ಮೇಲೆ ಒಮ್ಮೆ ನೀನಿರುತ್ತೀಯ, ಒಮ್ಮೆ ನಾನಿರುತ್ತೇನೆ. ತುಳಿಯುತ್ತಿದ್ದರೆ ಬರಲ್ಲ. ನಿನ್ನನ್ನು ಅಲ್ಲಿ ಬಿಟ್ಟು ಓಡಿಹೋದೆ ಕಣೋ. 1478 ಮೀಟರ್ ಎತ್ತರದವರೆಗೂ ಓಡಿದೆ. ತಪ್ಪಾಯಿತು.

ಇರಲಿ ಬಿಡು, ಜಾಸ್ತಿ ಆಯ್ತು.

ಇನ್ನು ವಾರಕ್ಕೆ ಎರಡೇ ದಿನ ಬೆಟ್ಟ. ಮಿಕ್ಕ ದಿನ ತುಳಿದರೂ ಪಕ್ಕದವನ ಜೊತೆ ಏದುಸಿರಿಲ್ಲದೆ ಮಾತಾಡುವಷ್ಟು ನಿಧಾನ. ಸೋಮವಾರ, ಗುರುವಾರ ಸೈಕಲ್ ಗೋಡೆಗೆ ಒರಗಿಯೇ ಇರಲಿ. ಡಾಕ್ಟರ್ ನಿನಗೆ ದಿನಾ ನಡಿ ಅಂದಿದ್ದಾರೆ ಅಲ್ವಾ? ಸೋಮವಾರ ಸಂಜೆ ಐದೂವರೆಗೆ ಕಂದವಾರ ಕೆರೆ ಹತ್ತಿರ ಬಾ, ಒಟ್ಟಿಗೆ ನಡೆಯೋಣ. ಬಜ್ಜಿ ಗಾಡಿ ಕಡೆ ಇಬ್ಬರೂ ತಿರುಗಿ ನೋಡಬಾರದು. ಆ ಹಳದಿ ಟೋಪಿ ನಾನು ತರುತ್ತೇನೆ. ಈ ಸಲ ಹಾಕಿಕೊಳ್ಳುವ ಸರದಿ ನಿನ್ನದು.

ನಿನ್ನ
ಹಿಂದಿನ ಚಕ್ರ